ಹಂದಿಯ ವೀರ್ಯಾಣು ಬಲಿಯೋದು ಎಲ್ಲಿ, ಬಲಿಸೋದು ಯಾರು?

ವೀರ್ಯಾಣು ವೃಷಣದಲ್ಲಿ ಹುಟ್ಟುತ್ತೆ ಅಂತ ಸ್ಕೂಲಲ್ಲೇ ಓದಿರ್ತೀವಿ, ಆದ್ರೆ ಹುಟ್ಟಿದಾಗ ಅದಕ್ಕೆ ನೆಟ್ಟಗೆ ಈಜೋಕೂ ಬರಲ್ಲ, ಅಂಡಾಣು ಎದುರಿಗೇ ಸಿಕ್ರೂ ಏನೂ ಮಾಡೋಕಾಗಲ್ಲ ಅನ್ನೋದನ್ನ ಯಾವ ಮೇಷ್ಟ್ರೂ ಹೇಳಿರಲ್ಲ. ವೃಷಣಕ್ಕೆ ಅಂಟ್ಕೊಂಡೇ ಎಪಿಡಿಡಿಮಿಸ್ ಅಂತ ಒಂದು ಸುರುಳಿ ಕೊಳವೆ ಇದೆ, ಗಂಡು ಹಂದೀದು ಬಿಚ್ಚಿ ಎಳೆದ್ರೆ 50 ಮೀಟರ್ ಮೇಲೇ ಇರುತ್ತೆ, ಅದನ್ನ ದಾಟೋಕೆ ಸುಮಾರು 10 ದಿನ ಬೇಕು, ಬಲಿಯೋದೆಲ್ಲ ಅಲ್ಲೇ.

ಬಲಿಸೋದು ಯಾರು ಅನ್ನೋದೇ ಹಳೇ ತಕರಾರು. ಗಿನಿಪಿಗ್ ಮೇಲೆ ಕೆಲಸ ಮಾಡಿದ ವಿಲಿಯಂ ಯಂಗ್ 1931ರಲ್ಲಿ, ಕೊಳವೆ ರಸದ ಪಾತ್ರ ಏನಿಲ್ಲ, ವೃಷಣದಲ್ಲಿ ಶುರುವಾಗಿದ್ದೇ ತಾನಾಗಿ ಮುಂದುವರಿಯುತ್ತೆ ಅಂದ್ಬಿಟ್ರು. ಹುಲ್ಲಲ್ಲಿಟ್ಟ ಮಾವಿನಕಾಯಿ ಥರ! 1967ರಲ್ಲಿ ಬೆಡ್‌ಫರ್ಡ್ ಮತ್ತು ಆರ್ಜೆಬಿನ್-ಕ್ರಿಸ್ಟ್ ಅನ್ನೋ ಇಬ್ಬರು ವಿಜ್ಞಾನಿಗಳು ಬೇರೆ ಬೇರೆಯಾಗಿ ಮೊಲದಲ್ಲಿ ನೋಡಿದಾಗ ಈ ಲೆಕ್ಕ ತಪ್ಪಾಯ್ತು, ಕೊಳವೆಯ ತಲೆಭಾಗದಲ್ಲೇ ಉಳಿದ್ರೆ ಎಷ್ಟು ದಿನ ಕಾದ್ರೂ ವೇಸ್ಟು, ಮುಂದಕ್ಕೆ ಹೋಗ್ಲೇಬೇಕು.

ಹಾಗಾದ್ರೆ ಮುಂದೆ ಏನಿದೆ? 1990ರ ದಶಕದಲ್ಲಿ ಫ್ರಾನ್ಸಿನ ನೂಝಿಯಿಯಲ್ಲಿ ಹಂದಿಯ ಕೊಳವೇನ ತುಂಡು ತುಂಡಾಗಿ ಪರೀಕ್ಷಿಸಿದ್ರು, ಒಂದೊಂದು ತುಂಡು ಒಂದೊಂದು ಥರದ ಪ್ರೋಟೀನ್ ಸುರಿಸುತ್ತೆ, ಕ್ಲಸ್ಟೆರಿನ್, ಲ್ಯಾಕ್ಟೋಫೆರಿನ್ ಹೀಗೆ. ನಂಗೆ ಇಷ್ಟವಾಗಿದ್ದು ಮಾತ್ರ ಎಚ್‌ಇ1 ಕಥೆ. ಹಂದೀಲಿರೋ ಈ ಪ್ರೋಟೀನ್ ಕೊಲೆಸ್ಟ್ರಾಲ್ ಹಿಡ್ಕೊಳ್ಳುತ್ತೆ ಅಂತ 1999ರಲ್ಲಿ ಜಪಾನಿನವರು ತೋರಿಸಿದ್ರು, ವೀರ್ಯಾಣುವಿನ ಹೊರಪೊರೆಯ ಕೊಲೆಸ್ಟ್ರಾಲ್ ಹದ ಮಾಡೋದು ಇದೇ ಇರ್ಬೇಕು ಅನ್ನೋ ಅಂದಾಜು. ಮಾರನೇ ವರ್ಷವೇ ಗೊತ್ತಾಯ್ತು, ಮಕ್ಕಳ ಮಿದುಳು ಹಾಳುಮಾಡೋ ನೀಮನ್-ಪಿಕ್ ಸಿ ಕಾಯಿಲೆಯ ಎರಡನೇ ಜೀನ್ ಇದೇ ಪ್ರೋಟೀನಿಂದು ಅಂತ! ಹುಡುಕಿದ್ದು ಎಲ್ಲಿ, ಸಿಕ್ಕಿದ್ದು ಏನು ನೋಡಿ.

ಬಲಿತಿದ್ಯಾ ಇಲ್ವಾ ಅಂತ ಮೈಕ್ರೋಸ್ಕೋಪಲ್ಲೇ ಕಾಣುತ್ತೆ. ಎಳೇ ವೀರ್ಯಾಣುವಿನ ಕತ್ತಿನ ಹತ್ರ ಒಂದು ಪುಟ್ಟ ಹನಿ ಅಂಟಿರುತ್ತೆ, ಸಾಗ್ತಾ ಸಾಗ್ತಾ ಅದು ಬಾಲದ ಕಡೆ ಜಾರಿ ಕೊನೆಗೆ ಉದುರುತ್ತೆ. ಸ್ಯಾಂಪಲ್ಲಲ್ಲಿ ಹನಿ ಜಾಸ್ತಿ ಕಂಡ್ರೆ, ಆ ಹಂದಿಯಿಂದ ಪದೇ ಪದೇ ವೀರ್ಯ ತೆಗೆದಿದ್ದಾರಾ ಅಂತ ಲ್ಯಾಬಿನವರಿಗೆ ಡೌಟು ಬರುತ್ತೆ.

ಸ್ಖಲನದ ಹೊತ್ತಲ್ಲಿ ಸ್ಪರ್ಮಡೆಸಿನ್ ಅನ್ನೋ ಇನ್ನೊಂದು ಪ್ರೋಟೀನ್ ಗುಂಪು ವೀರ್ಯಾಣುವಿನ ಮೈಗೆ ಮೆತ್ಕೊಳ್ಳುತ್ತೆ. ಅದ್ರಲ್ಲಿ ಪಿಎಸ್‌ಪಿ-1, ಪಿಎಸ್‌ಪಿ-2 ಜೋಡೀನೇ ವೀರ್ಯರಸದ ಪ್ರೋಟೀನಲ್ಲಿ ಅರ್ಧಕ್ಕಿಂತ ಹೆಚ್ಚು. ಇಷ್ಟೆಲ್ಲಾ ಬಳ್ಕೊಂಡ್ರೂ ಹಂದಿ ವೀರ್ಯಕ್ಕೆ ಚಳಿ ಆಗ್ಬರಲ್ಲ. ಡಾಲಿ ಕುರಿ ಖ್ಯಾತಿಯ ಇಯಾನ್ ವಿಲ್ಮಟ್ ಪಿಎಚ್‌ಡಿ ಮಾಡಿದ್ದೇ ಇದನ್ನ ಫ್ರೀಜ್ ಮಾಡೋದ್ರ ಮೇಲೆ, 1971ರಲ್ಲಿ. ಇವತ್ತಿಗೂ ಹೆಚ್ಚಿನ ಕಡೆ ಅದು ಫ್ರೀಜ್ ಆಗದೇನೇ 17 ಡಿಗ್ರಿ ಡಬ್ಬೀಲಿ ಫಾರ್ಮಿಗೆ ಹೋಗುತ್ತೆ.