ಕೆಡವುವ ಕೆಲಸ, ಕಟ್ಟುವ ಕೆಲಸ: ವಿದೇಶಿ ಸ್ವಯಂಸೇವೆಯ ನೂರು ವರ್ಷ

ಮೊದಲ ಮಹಾಯುದ್ಧ ಮುಗಿದು ಎರಡು ವರ್ಷವಾದರೂ ಫ್ರಾನ್ಸಿನ ವೆರ್ಡನ್ ಸುತ್ತಲಿನ ಹಳ್ಳಿಗಳು ಪಾಳುಬಿದ್ದೇ ಇದ್ದವು. 1920ರ ನವೆಂಬರಿನಲ್ಲಿ ಸ್ವಿಟ್ಜರ್ಲೆಂಡಿನ ಶಾಂತಿವಾದಿ ಪಿಯರ್ ಸೆರೆಸೋಲ್ ಸಣ್ಣದೊಂದು ತಂಡ ಕಟ್ಟಿಕೊಂಡು ಅಲ್ಲಿನ ಎಸ್ನ್ ಎಂಬ ಹಳ್ಳಿಗೆ ಬಂದರು. ತಂಡದಲ್ಲಿ ಜರ್ಮನರೂ ಇದ್ದರು. ಎರಡು ವರ್ಷದ ಹಿಂದೆ ಶತ್ರುಗಳಾಗಿದ್ದ ದೇಶದವರು ಅದೇ ನೆಲದಲ್ಲಿ ಗುದ್ದಲಿ ಹಿಡಿದು, ರಸ್ತೆ ಸರಿಮಾಡಿ, ನಿರಾಶ್ರಿತರಿಗೆ ಮರದ ಮನೆ ನಿಲ್ಲಿಸಿಕೊಟ್ಟರು. ಜರ್ಮನರ ಇರುವಿಕೆಗೆ ವಿರೋಧ ಎದ್ದು 1921ರ ವಸಂತದಲ್ಲಿ ಶಿಬಿರ ಮುಚ್ಚಿತು. ಆದರೂ ಇಂದು ಪ್ರವಾಸದ ಜೊತೆಗೆ ಪುನರ್ನಿರ್ಮಾಣ ಕೆಲಸಕ್ಕೆ ಹೋಗುವ ಪದ್ಧತಿಯ ಬೇರು ಅಲ್ಲೇ ಇದೆ. ಆ ಶಿಬಿರದಿಂದ ಬೆಳೆದ ಸಂಘಟನೆಯೇ ಸರ್ವಿಸ್ ಸಿವಿಲ್ ಇಂಟರ್‌ನ್ಯಾಷನಲ್.

1927ರಲ್ಲಿ ರೈನ್ ನದಿ ಒಡ್ಡು ಒಡೆದು ಪುಟ್ಟ ದೇಶ ಲಿಕ್ಟನ್‌ಸ್ಟೈನ್‌ನ ಹೊಲಗಳ ಮೇಲೆ ಕಲ್ಲುಮರಳು ಹರಡಿತು. ಮರುವರ್ಷ ಬೇರೆ ಬೇರೆ ದೇಶಗಳ 700ಕ್ಕೂ ಹೆಚ್ಚು ಸ್ವಯಂಸೇವಕರು ಬಂದು ಅದನ್ನು ತೆಗೆದರು. 1934ರ ಜನವರಿ 15ರಂದು ಬಿಹಾರದಲ್ಲಿ ಭೂಕಂಪವಾದಾಗ ಸೆರೆಸೋಲ್ ಭಾರತಕ್ಕೇ ಬಂದರು. ಪರಿಹಾರ ಕಾರ್ಯದ ಹೊಣೆ ಹೊತ್ತಿದ್ದ ರಾಜೇಂದ್ರ ಪ್ರಸಾದರೊಂದಿಗೆ ಮಾತಾಡಿ, ಪ್ರವಾಹಕ್ಕೆ ಸಿಗುವ ಹಳ್ಳಿಗಳನ್ನು ಎತ್ತರದ ಜಾಗಕ್ಕೆ ಸಾಗಿಸುವ ಕೆಲಸಕ್ಕೆ ಕೈಹಚ್ಚಿದರು. 1937ರವರೆಗೂ ಆ ಕೆಲಸ ನಡೆಯಿತು. ವಸಾಹತು ಭಾರತದಲ್ಲಿ ಬಿಳಿಯರು ಹಳ್ಳಿಯವರ ಪಕ್ಕದಲ್ಲಿ ನಿಂತು ಮಣ್ಣು ಹೊರುವುದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ.

ಈ ಮೂರು ಶಿಬಿರಗಳಲ್ಲೂ ಹೊರಗಿನವರು ಮಾಡಿದ್ದು ಬಹುಪಾಲು ಅಗೆಯುವ, ಹೊರುವ, ತೆರವು ಮಾಡುವ ಕೆಲಸ. ಎರಡನೇ ಮಹಾಯುದ್ಧದ ನಂತರವೂ ಅದೇ ರೂಢಿ ಮುಂದುವರಿಯಿತು. 1947ರಲ್ಲಿ ಯುಗೊಸ್ಲಾವಿಯದ ಶಾಮಾತ್ಸ್–ಸರಾಯೆವೊ ನಡುವಿನ ಸುಮಾರು 240 ಕಿ.ಮೀ. ರೈಲು ಹಾದಿಗೆ ವಿದೇಶಿ ಯುವಕರೂ ಬಂದು ಮಣ್ಣು ಕಡಿದರು. ಮರುವರ್ಷ ಯುನೆಸ್ಕೊ ಆಶ್ರಯದಲ್ಲಿ ಇಂಥ ಶಿಬಿರಗಳ ಸಮನ್ವಯ ಸಮಿತಿ ಹುಟ್ಟಿತು. 1958ರಲ್ಲಿ ಬ್ರಿಟನ್ನಿನ ವಿಎಸ್‌ಒ, 1961ರಲ್ಲಿ ಅಮೆರಿಕದ ಪೀಸ್ ಕೋರ್ ಎಂಬ ಸ್ವಯಂಸೇವಾ ಸಂಸ್ಥೆಗಳು ಬಂದವು. ಅವು ದೀರ್ಘಾವಧಿಯ ನೇಮಕದ ದಾರಿ ಹಿಡಿದವು.

ದಿಕ್ಕು ಬದಲಾದದ್ದು ವಿಮಾನ ಪ್ರಯಾಣ ಕೈಗೆಟುಕುವಂತಾಗಿ, ಶುಲ್ಕ ಪಡೆದು ಎರಡು ವಾರದ ಸೇವೆ ಒದಗಿಸುವ ಕಂಪನಿಗಳು ಹುಟ್ಟಿಕೊಂಡ ಮೇಲೆ. ಮೊದಲು ಹಳ್ಳಿಯ ಅಗತ್ಯ ನೋಡಿ ಕೆಲಸ ಗೊತ್ತಾಗುತ್ತಿತ್ತು. ಈಗ ಬಂದವರ ರಜೆ ನೋಡಿ ಗೊತ್ತಾಗತೊಡಗಿತು. ಹಣ ಕೊಟ್ಟು ಬಂದವರಿಗೆ ಅವಶೇಷ ತೆಗೆಯುವುದಕ್ಕಿಂತ ಗೋಡೆ ಏಳುವುದನ್ನು ನೋಡುವ ಆಸೆ. ಹೀಗೆ ಕರಣೆ ಎಂದೂ ಹಿಡಿಯದವರ ಕೈಗೆ ಶಾಲೆಯ ಗೋಡೆ ಬಂತು. ನಮ್ಮ ತಕರಾರು ಇರುವುದು ಇಲ್ಲಿಯೇ. ಭೂಕಂಪದ ನಾಡಿನಲ್ಲಿ ಗೋಡೆ ಎಂದರೆ ಒಳಗೆ ಮಲಗಿದವರ ಜೀವ.

ನೇಪಾಳವನ್ನೇ ನೋಡಿ. 2015ರ ಏಪ್ರಿಲ್ 25ರಂದು 7.8 ತೀವ್ರತೆಯ ಭೂಕಂಪ, ಮೇ 12ರಂದು ಇನ್ನೊಂದು ದೊಡ್ಡ ಕಂಪನ. ಸುಮಾರು 9,000 ಜನ ಸತ್ತರು. ಬೆಟ್ಟದ ಹಳ್ಳಿಗಳಲ್ಲಿ ಉರುಳಿದ ಮನೆಗಳಲ್ಲಿ ಹೆಚ್ಚಿನವು ಕಲ್ಲು–ಮಣ್ಣಿನವು. ಅಂಥ ಗೋಡೆಯಲ್ಲಿ ಒಳಮುಖಕ್ಕೊಂದು, ಹೊರಮುಖಕ್ಕೊಂದು ಕಲ್ಲಿನ ಸಾಲು ಇರುತ್ತದೆ, ನಡುವೆ ಚೂರುಕಲ್ಲು ತುಂಬಿರುತ್ತಾರೆ. ಎರಡೂ ಸಾಲನ್ನು ಹಿಡಿದಿಡುವ ಉದ್ದ ಕಲ್ಲು ಇಲ್ಲದಿದ್ದರೆ ನೆಲ ಅಲುಗಿದಾಗ ಹೊರಸಾಲು ಉಬ್ಬಿ ಕಳಚಿ ಬೀಳುತ್ತದೆ. ಅದಕ್ಕೇ ಗೋಡೆಯ ಪೂರ್ತಿ ದಪ್ಪಕ್ಕೆ ನಿಲುಕುವ ಕಲ್ಲನ್ನು ಎತ್ತರದಲ್ಲಿ ಪ್ರತಿ 60 ಸೆಂ.ಮೀ.ಗೆ, ಅಡ್ಡಕ್ಕೆ 1.2 ಮೀಟರಿಗೆ ಮೀರದಂತೆ ಇಡಬೇಕು. ಪಾಯದ ಮೇಲೆ, ಕಿಟಕಿಯ ಕೆಳಗೆ, ಲಿಂಟಲ್ ಮಟ್ಟದಲ್ಲಿ, ಚಾವಣಿಯ ಕೆಳಗೆ ಸುತ್ತಲೂ ಗೋಡೆಗಳನ್ನು ಬಿಗಿದು ಹಿಡಿಯುವ ಪಟ್ಟಿ ಓಡಬೇಕು. ಕಲ್ಲನ್ನು ಅಂದವಾಗಿ ಜೋಡಿಸಿದ ಹೊಸಬರು ಈ ಉದ್ದ ಕಲ್ಲನ್ನೇ ಮರೆಯುತ್ತಾರೆ. ಗೋಡೆ ಎದ್ದ ಮೇಲೆ ಹೊರಗಿನಿಂದ ನೋಡಿ ಅದನ್ನು ಪತ್ತೆ ಮಾಡುವುದು ಕಷ್ಟ.

ಮನೆ ಮತ್ತೆ ಕಟ್ಟಿಕೊಳ್ಳಲು ಸರ್ಕಾರ ಕೊಟ್ಟ ನೆರವು ಮೊದಲು 2 ಲಕ್ಷ, ಆಮೇಲೆ 3 ಲಕ್ಷ ನೇಪಾಳಿ ರೂಪಾಯಿಗೆ ಏರಿತು. ಕಂತು ಮೂರು. ಒಪ್ಪಂದವಾದಾಗ 50,000, ಪಾಯ ಮುಗಿದು ತಪಾಸಣೆ ಆದ ಮೇಲೆ 1,50,000, ಗೋಡೆ ಚಾವಣಿಯ ಮಟ್ಟಕ್ಕೆ ಬಂದ ಮೇಲೆ 1,00,000. ತಪಾಸಣೆಯಲ್ಲಿ ಮನೆ ನಪಾಸಾದರೆ ಮುಂದಿನ ಕಂತು ನಿಲ್ಲುತ್ತಿತ್ತು. ತಪ್ಪು ಮಾಡಿದ ಸ್ವಯಂಸೇವಕ ಅಷ್ಟರಲ್ಲಿ ವಿಮಾನ ಹತ್ತಿರುತ್ತಿದ್ದ, ಸಾಲ ಮನೆಯವರ ತಲೆಗೆ.

ಕಾಂಕ್ರೀಟಿನಲ್ಲಿ ಆಗುವ ತಪ್ಪು ಇನ್ನೂ ಸುಲಭದ್ದು. 50 ಕಿಲೋ ಸಿಮೆಂಟಿನ ಚೀಲಕ್ಕೆ 25 ಲೀಟರ್ ನೀರು ಒಳ್ಳೆಯ ಅಳತೆ. ಮರಳು ಒದ್ದೆಯಿದ್ದರೆ ಇನ್ನೂ ಕಡಿಮೆ ಸಾಕು. ಕೈಯಲ್ಲಿ ಕಲಸುವಾಗ ಮಾಲು ಗಟ್ಟಿಯೆನಿಸಿ, ಸನಿಕೆ ಎಳೆಯಲು ಹಗುರಾಗಲಿ ಎಂದು ಯಾರೋ ಅರ್ಧ ಬಕೆಟ್ ನೀರು ಸುರಿಯುತ್ತಾರೆ. ಐದು ಲೀಟರ್ ಹೆಚ್ಚಾದರೂ ಬಲ ಎದ್ದು ಕಾಣುವಷ್ಟು ಇಳಿಯುತ್ತದೆ. ಊಟಕ್ಕೆ ಹೋಗಿ ಬಂದು, ಬಿಗಿಯತೊಡಗಿದ ಮಾಲಿಗೆ ನೀರು ಚಿಮುಕಿಸಿ ಮತ್ತೆ ಬಳಸುವುದು ಎರಡನೇ ತಪ್ಪು. ಕಂಬದ ಉದ್ದ ಕಂಬಿಗಳನ್ನು ಸುತ್ತಿ ಹಿಡಿಯುವ ರಿಂಗ್ ಮಡಿಸುವುದೂ ಹಾಗೆಯೇ. ಕೊಕ್ಕೆ 135 ಡಿಗ್ರಿ ಒಳಕ್ಕೆ ಬಾಗಿ, ತುದಿ 75 ಮಿ.ಮೀ. ಉಳಿಯಬೇಕು. 90 ಡಿಗ್ರಿಗೇ ಬಿಟ್ಟರೆ, ಕಂಪನದಲ್ಲಿ ಹೊರಗಿನ ಕಾಂಕ್ರೀಟ್ ಉದುರಿದೊಡನೆ ರಿಂಗ್ ಬಿಚ್ಚಿಕೊಳ್ಳುತ್ತದೆ, ಉದ್ದದ ಕಂಬಿಗಳು ಬಾಗುತ್ತವೆ. ಈ ಕೆಲಸಕ್ಕೆ ಮೇಸ್ತ್ರಿಯೇ ಬೇಕು.

ಹಾಗಾದರೆ ಹೊರಗಿನವರಿಗೆ ಕೆಲಸವಿಲ್ಲವೇ? ಬೇಕಾದಷ್ಟಿದೆ. ದುಡಿಯುವ ವಯಸ್ಸಿನ ಗಂಡಸರು ಕೊಲ್ಲಿ ದೇಶ, ಮಲೇಷ್ಯಾಕ್ಕೆ ಹೋಗಿದ್ದ ನೇಪಾಳದ ಹಳ್ಳಿಗಳಲ್ಲಿ ಹೊರುವ ಕೈಗಳದ್ದೇ ಕೊರತೆ. ಬಿದ್ದ ಮನೆಯನ್ನು ಮೇಲಿನಿಂದ ಕೆಳಕ್ಕೆ ಬಿಡಿಸಬೇಕು, ಬುಡಕ್ಕೆ ಕೈ ಹಾಕಿದರೆ ಮೇಲಿನದು ಮೈಮೇಲೆ ಬರುತ್ತದೆ. ಮೂಲೆಗಲ್ಲು, ಉದ್ದ ಕಲ್ಲು, ಚೂರು ಬೇರೆ ಬೇರೆ ರಾಶಿಯಾಗಬೇಕು. ತೊಲೆಗಳ ಮೊಳೆ ಕಿತ್ತು ಒಣಗಲು ಪೇರಿಸಬೇಕು. ಸಾಲಾಗಿ ನಿಂತು ಕಲ್ಲು ದಾಟಿಸುವಾಗ ಎಸೆಯಬಾರದು, ಕೈಯಿಂದ ಕೈಗೇ ಕೊಡಬೇಕು. ಹೊಸ ಗೋಡೆ ಸಿಮೆಂಟ್ ಗಾರೆಯದ್ದಾದರೆ ಕನಿಷ್ಠ ಏಳು ದಿನ ನೀರು ಹೊಡೆಯುವವರೂ ಬೇಕು. ಬೇಸರದ ಕೆಲಸವೆಂದು ಎಲ್ಲರೂ ತಪ್ಪಿಸಿಕೊಳ್ಳುವ ಇದಕ್ಕೆ ಕರಾರುವಾಕ್ಕಾದ ಒಬ್ಬ ಸ್ವಯಂಸೇವಕ ಸಿಕ್ಕರೆ ಮೇಸ್ತ್ರಿಗೆ ಅರ್ಧ ಚಿಂತೆ ಕಳೆಯುತ್ತದೆ.

ಅವಶೇಷದಲ್ಲಿ ಪಾದಕ್ಕೆ ಮೊಳೆ ಚುಚ್ಚುವುದು ಸಾಮಾನ್ಯ. ಅಟ್ಟೆಯೊಳಗೆ ಲೋಹದ ತಗಡಿರುವ ಬೂಟು, ಅವಧಿ ಮೀರದ ಧನುರ್ವಾಯು ಚುಚ್ಚುಮದ್ದು ಬೇಕು. ಹಸಿ ಸಿಮೆಂಟ್ ಬೂಟಿನೊಳಗೆ ಇಳಿದರೆ ಮೊದಲು ನೋವೇ ಗೊತ್ತಾಗದೆ ಚರ್ಮ ಸುಡುತ್ತದೆ. ಕೂಡಲೇ ಬಿಚ್ಚಿ ಧಾರಾಳ ನೀರಿನಲ್ಲಿ ತೊಳೆಯಬೇಕು. ಹಲವು ಪ್ರವಾಸ ವಿಮೆಗಳು ದೈಹಿಕ ಶ್ರಮದಲ್ಲಿ ಆದ ಗಾಯಕ್ಕೆ ಹಣ ಕೊಡುವುದಿಲ್ಲ, ಷರತ್ತು ಓದಿಕೊಳ್ಳಿ. ನೇಪಾಳದ ಪ್ರವಾಸಿ ವೀಸಾದಲ್ಲಿ ಸಂಬಳವಿಲ್ಲದ ಕೆಲಸಕ್ಕೂ ಅನುಮತಿಯಿಲ್ಲ. ‘ಏರ್‌ಪೋರ್ಟಿನಲ್ಲಿ ಪ್ರವಾಸಿ ಅಂತ ಹೇಳಿ ಸಾಕು’ ಎನ್ನುವ ಸಂಸ್ಥೆಯಿಂದ ದೂರವಿರಿ.

ಹಣ ಕಟ್ಟುವ ಮೊದಲು ಕೇಳಬೇಕಾದದ್ದು ಇಷ್ಟು: ನಕ್ಷೆಗೆ ಅನುಮೋದನೆ ಇದೆಯೇ, ಜಾಗದ ದಾಖಲೆ ಯಾರ ಹೆಸರಿನಲ್ಲಿದೆ, ದಿನವಿಡೀ ಸ್ಥಳದಲ್ಲಿರುವ ಮೇಸ್ತ್ರಿ ಯಾರು, ಅವರ ಕೂಲಿ ಶುಲ್ಕದಿಂದಲೇ ಹೋಗುತ್ತದೆಯೇ. ತಿಂಗಳನ್ನೂ ಕೇಳಿ. ಯುರೋಪ್, ಅಮೆರಿಕದ ಕಾಲೇಜುಗಳಿಗೆ ರಜೆ ಇರುವ ಜುಲೈ ನೇಪಾಳದಲ್ಲಿ ಮುಂಗಾರಿನ ನಡುಮಧ್ಯ. ಬೆಟ್ಟದ ಮಣ್ಣುರಸ್ತೆ ಕುಸಿದು ಲಾರಿ ಮೇಲೇರದು, ಹಳ್ಳಿಯವರೆಲ್ಲ ನಾಟಿಯಲ್ಲಿರುತ್ತಾರೆ. ಆ ತಿಂಗಳಿಗೆ ಕಟ್ಟಡದ ಕೆಲಸವಿದೆ ಎಂದು ಹೇಳುವವರನ್ನು, ಮರಳು ಯಾವ ದಾರಿಯಲ್ಲಿ ಬರುತ್ತದೆ ಎಂದು ವಿಚಾರಿಸಿ.