ಎರಡು ಪಟ್ಟೋ, ನಾಲ್ಕು ಪಟ್ಟೋ? ಶಕ್ತಿಯ ಲೆಕ್ಕದ ಹಳೇ ಜಗಳ

ಬೈಕಿನ ವೇಗ 30 ಕಿ.ಮೀ.ಯಿಂದ 60ಕ್ಕೆ ಏರಿತು ಅಂದುಕೊಳ್ಳಿ. ಅದರ ಜೋರು ಎಷ್ಟು ಜಾಸ್ತಿ ಆಯಿತು? ಸಂವೇಗ (ದ್ರವ್ಯರಾಶಿ × ವೇಗ) ಎರಡು ಪಟ್ಟು, ಚಲನಶಕ್ತಿ (½ × ದ್ರವ್ಯರಾಶಿ × ವೇಗದ ವರ್ಗ) ನಾಲ್ಕು ಪಟ್ಟು ಎಂದು ಪಿಯುಸಿ ಪುಸ್ತಕ ಎರಡು ಸೂತ್ರ ಕೊಟ್ಟು ಮುಂದಿನ ಪಾಠಕ್ಕೆ ಹೋಗಿಬಿಡುತ್ತದೆ. ಎರಡು ಯಾಕೆ ಬೇಕು ಎಂದು ಕೇಳಿದರೆ ಉತ್ತರ ಸಿಗುವುದು ಕಡಿಮೆ. ಮಕ್ಕಳು ಗೊಂದಲಕ್ಕೆ ಬಿದ್ದರೆ ಅವರದೇನೂ ತಪ್ಪಿಲ್ಲ. ಯೂರೋಪಿನ ಘಟಾನುಘಟಿಗಳೇ ಇದಕ್ಕೆ ದಶಕಗಟ್ಟಲೆ ಕಿತ್ತಾಡಿದ್ದಾರೆ.

1644ರಲ್ಲಿ ಫ್ರಾನ್ಸಿನ ತತ್ವಜ್ಞಾನಿ ದೆಕಾರ್ತ್, ವಸ್ತುವಿನ ಪ್ರಮಾಣವನ್ನು ವೇಗದಿಂದ ಗುಣಿಸಿ, ಜಗತ್ತಿನಲ್ಲಿ ಈ ಮೊತ್ತ ಬದಲಾಗುವುದಿಲ್ಲ ಎಂದರು. 1686ರಲ್ಲಿ ಜರ್ಮನಿಯ ಗಣಿತಜ್ಞ ಲೈಬ್ನಿಟ್ಸ್, ಅಲ್ಲ, ವೇಗದ ವರ್ಗ ಹಿಡಿಯಬೇಕು ಎಂದರು. ಅಲ್ಲಿಂದ ಪಂಡಿತರು ಎರಡು ಬಣವಾದರು.

ಜಗಳಕ್ಕೆ ಜೇಡಿಮಣ್ಣು ಬಂದದ್ದು 1722ರಲ್ಲಿ. ನೆದರ್ಲೆಂಡ್ಸ್‌ನ ಲೈಡನ್ನಿನಲ್ಲಿ ಪ್ರಾಧ್ಯಾಪಕ ಗ್ರಾವೆಸಾಂಡೆ ಒಂದೇ ಗಾತ್ರದ, ಬೇರೆ ಬೇರೆ ತೂಕದ ಹಿತ್ತಾಳೆ ಗುಂಡುಗಳನ್ನು ಮೆತ್ತನೆ ಮಣ್ಣಿನ ಮೇಲೆ ಬೀಳಿಸಿದರು. ಎರಡು ಪಟ್ಟು ತೂಕದ ಗುಂಡು ಅರ್ಧ ಎತ್ತರದಿಂದ ಬಿದ್ದರೂ ಕುಳಿ ಅಷ್ಟೇ! ತೂಕ ಮತ್ತು ಎತ್ತರದ ಗುಣಲಬ್ಧ ಒಂದೇ ಇದ್ದರೆ ಸಾಕು. ವೇಗ ಎರಡು ಪಟ್ಟಾಗಲು ನಾಲ್ಕು ಪಟ್ಟು ಎತ್ತರದಿಂದ ಬೀಳಬೇಕು, ಅಲ್ವಾ? ಅಲ್ಲಿಗೆ ವೇಗದ ವರ್ಗವೇ ಬಂತು. ಅದುವರೆಗೆ ಎದುರು ಬಣದಲ್ಲಿದ್ದ ಗ್ರಾವೆಸಾಂಡೆ ಲೈಬ್ನಿಟ್ಸ್ ಕಡೆಗೆ ಬಂದರು. 1740ರಲ್ಲಿ ಫ್ರಾನ್ಸಿನ ಎಮಿಲಿ ದು ಶಾತ್ಲೆ ತಮ್ಮ ಪುಸ್ತಕದಲ್ಲಿ ಇದೇ ಪಕ್ಷ ವಹಿಸಿದರು. ನಮ್ಮ ಪಾಠಗಳಲ್ಲಿ ಇವರ ಹೆಸರು ಕಾಣುವುದೇ ಅಪರೂಪ.

ನಿಜ ಹೇಳಬೇಕೆಂದರೆ ಎರಡೂ ಕಡೆಯವರ ಬಳಿ ಸರಕಿತ್ತು. ಅಷ್ಟೇ ಬಲದಿಂದ ಬ್ರೇಕ್ ಹಾಕಿದರೆ, 60ರಲ್ಲಿರುವ ಬೈಕ್ ನಿಲ್ಲಲು ಎರಡು ಪಟ್ಟು ಸಮಯ, ನಾಲ್ಕು ಪಟ್ಟು ದೂರ ಬೇಕು. ಬಲವನ್ನು ಸಮಯದಿಂದ ಗುಣಿಸಿದರೆ ಸಂವೇಗದ ಲೆಕ್ಕ, ದೂರದಿಂದ ಗುಣಿಸಿದರೆ ಚಲನಶಕ್ತಿಯ ಲೆಕ್ಕ. ಎರಡನೆಯದಕ್ಕೆ ‘ಕೆಲಸ’ ಎಂಬ ಹೆಸರು ಗಟ್ಟಿಯಾಗಿದ್ದು 1829ರಲ್ಲಿ, ಫ್ರಾನ್ಸಿನ ವಿಜ್ಞಾನಿ ಕೊರಿಯೊಲಿಸ್ ಕಾಲಕ್ಕೆ. ಚಲನಶಕ್ತಿಯ ಸೂತ್ರದ ಮುಂದಿರುವ ಆ ‘ಅರ್ಧ’ವೂ ಅವರದೇ.

ಆದರೆ ಮಣ್ಣಿನಲ್ಲಿ ಹೂತ ಗುಂಡಿನ ಶಕ್ತಿ ಎಲ್ಲಿ ಹೋಯಿತು? ಒಳಗಿನ ಸಣ್ಣ ಕಣಗಳಿಗೆ ಹೋಗಿರಬೇಕು ಎಂದು ಲೈಬ್ನಿಟ್ಸ್ ಆಗಲೇ ಊಹಿಸಿದ್ದರು. ಕಣಗಳ ಆ ಓಡಾಟವೇ ಬಿಸಿ. ಅದನ್ನು ಅಳೆದು ತೋರಿಸಿದವರು ಮ್ಯಾಂಚೆಸ್ಟರ್ ಕಡೆಯ ಬಿಯರ್ ತಯಾರಿಸುವ ಮನೆತನದ ಜೇಮ್ಸ್ ಜೂಲ್. ತೂಕದ ಬಟ್ಟು ಕೆಳಗಿಳಿಯುತ್ತದೆ, ದಾರ ಎಳೆಯುತ್ತದೆ, ಪಾತ್ರೆಯೊಳಗೆ ರೆಕ್ಕೆ ತಿರುಗಿ ನೀರು ಕಡೆಯುತ್ತದೆ. ಹೀಗೆ 20 ಸಲ ಇಳಿಸಿದರೂ ನೀರು ಬಿಸಿಯಾಗಿದ್ದು ಸುಮಾರು ಅರ್ಧ ಡಿಗ್ರಿ ಫ್ಯಾರನ್‌ಹೀಟ್! 1850ರಲ್ಲಿ ಅವರು ಕೊಟ್ಟ ಲೆಕ್ಕ: 772 ಪೌಂಡ್ ಒಂದಡಿ ಇಳಿದರೆ ಒಂದು ಪೌಂಡ್ ನೀರು ಒಂದು ಡಿಗ್ರಿ ಬಿಸಿಯಾಗುತ್ತದೆ.

1842ರಲ್ಲೇ ಜರ್ಮನಿಯ ವೈದ್ಯ ಮೇಯರ್ ಇದೇ ಮಾತು ಹೇಳಿದ್ದರು: ಶಕ್ತಿ ನಾಶವಾಗುವುದಿಲ್ಲ, ರೂಪ ಬದಲಿಸುತ್ತದೆ ಅಷ್ಟೇ. ಹೆಚ್ಚಿನವರು ಕಿವಿಗೆ ಹಾಕಿಕೊಳ್ಳಲಿಲ್ಲ. 1847ರಲ್ಲಿ ಜರ್ಮನಿಯವರೇ ಆದ ಹೆಲ್ಮ್‌ಹೋಲ್ಟ್ಸ್ ಇದರ ಬಗ್ಗೆಯೇ ಬರೆದ ಪ್ರಬಂಧವನ್ನು ದೊಡ್ಡ ವಿಜ್ಞಾನ ಪತ್ರಿಕೆ ವಾಪಸ್ ಕಳಿಸಿತು. ಅದು ಕಿರುಪುಸ್ತಕವಾಗಿ ಹೊರಬಂತು. ಶಕ್ತಿ ಸಂರಕ್ಷಣೆಯ ಈ ನಿಯಮಕ್ಕೆ ಒಬ್ಬನೇ ಅಪ್ಪನನ್ನು ಹುಡುಕುವುದು ಸುಮ್ನೆ ಕಾಲಹರಣ.

ಇಷ್ಟಾದ ಮೇಲೂ ಅನುಮಾನ ನಿಲ್ಲಲಿಲ್ಲ. ಬೀಟಾ ಕ್ಷಯದಲ್ಲಿ, ಅಂದರೆ ಪರಮಾಣುವಿನ ನ್ಯೂಕ್ಲಿಯಸ್ ಎಲೆಕ್ಟ್ರಾನ್ ಉಗುಳುವಾಗ, ಶಕ್ತಿ ಕಡಿಮೆ ಬೀಳುತ್ತಿತ್ತು. ನಿಯಮವನ್ನೇ ಸಡಿಲಿಸಲು ಭೌತವಿಜ್ಞಾನಿ ಬೋರ್ ತಯಾರಾಗಿದ್ದರು. ಕಣ್ಣಿಗೆ ಬೀಳದ ಕಣವೊಂದು ಆ ಕಡಿಮೆ ಬಿದ್ದ ಶಕ್ತಿಯನ್ನು ಒಯ್ಯುತ್ತಿದೆ ಎಂದು 1930ರಲ್ಲಿ ಇನ್ನೊಬ್ಬ ಭೌತವಿಜ್ಞಾನಿ ಪೌಲಿ ಊಹಿಸಿದರು. ಆ ಕಣ, ನ್ಯೂಟ್ರಿನೊ, ಸಿಕ್ಕಿದ್ದು 1956ರಲ್ಲಿ.