ಗಟ್ಟಿ ಅಂದರೆ ಯಾವ ಗಟ್ಟಿ?

ಗುಜರಿ ಸಾಮಾನಿನಿಂದ ವಾದ್ಯ ಮಾಡುವುದನ್ನು ಕಲಿಸುತ್ತೇನೆ, ಹಾಗಾಗಿ ಮಾಡಿ ನೋಡಿದವರಿಂದ ಫೋಟೊ ಬರುತ್ತದೆ. ಮರದ ಹಲಗೆಯ ಮೇಲೆ ಎಂಟು ಕಬ್ಬಿಣದ ಪೈಪುಗಳು, ಉದ್ದದ್ದರಿಂದ ಗಿಡ್ಡದರವರೆಗೆ ಸಾಲಾಗಿ. ಕೊಯ್ದ ಅಂಚುಗಳನ್ನು ಚೆನ್ನಾಗಿ ಉಜ್ಜಿದ್ದಾರೆ. ಬಣ್ಣ ಬಳಿದಿದ್ದಾರೆ. ಪ್ರತಿ ಪೈಪಿನ ಎರಡೂ ತುದಿಗೆ ಒಂದೊಂದು ಸ್ಕ್ರೂ, ಹಲಗೆಯನ್ನು ಕಚ್ಚಿಕೊಂಡು ಕೂತಿದೆ. ಕೆಳಗೆ ಒಂದು ಸಾಲು: ‘ಎಲ್ಲ ಸರಿಯಾಗಿ ಮಾಡಿದ್ದೇನೆ, ಆದರೆ ಟಣ್ ಅನ್ನುವ ಬದಲು ಟಕ್ ಅನ್ನುತ್ತಿದೆ. ಪೈಪ್ ಸರಿ ಇಲ್ವಾ?’

ಪೈಪ್ ಸರಿಯಾಗಿಯೇ ಇದೆ. ಸ್ಕ್ರೂ ಬಿಚ್ಚಿ.

ಇಷ್ಟು ಬರೆದು ಸುಮ್ಮನಾಗಬಹುದಿತ್ತು. ವರ್ಷಗಳಿಂದ ಇಷ್ಟೇ ಬರೆಯುತ್ತ ಬಂದಿದ್ದೇನೆ. ಬಿಚ್ಚುತ್ತಾರೆ, ಆಮೇಲೆ ಅದೇ ತುದಿಗೆ ಅಂಟು ಹಾಕುತ್ತಾರೆ. ಹಾಗಾಗಿ ಈ ಸಲ ಒಂದೇ ವಿಷಯ ಹಿಡಿದು ಉದ್ದಕ್ಕೆ ಬರೆಯುತ್ತೇನೆ. ಗರಗಸ ಹಿಡಿಯುವುದು ಹೇಗೆ, ಅಳತೆ ಗುರುತು ಹಾಕುವುದು ಹೇಗೆ ಅನ್ನುವುದೆಲ್ಲ ನಿಮಗೆ ಗೊತ್ತೇ ಇದೆ.

ನನಗೊಂದು ಅನುಮಾನ. ತಪ್ಪು ನಮ್ಮ ಮಾತಿನಲ್ಲೇ ಇದೆಯೋ ಏನೋ. ‘ಗಟ್ಟಿಯಾಗಿ ಹಿಡಿ’ ಅಂದರೆ ಅಲ್ಲಾಡದಂತೆ ಹಿಡಿ ಅಂತ. ‘ಗಟ್ಟಿಯಾಗಿ ಹೇಳು’ ಅಂದರೆ ಜೋರಾಗಿ ಹೇಳು ಅಂತ. ಎರಡಕ್ಕೂ ಒಂದೇ ಪದ. ಸದ್ದು ಗಟ್ಟಿಯಾಗಿ ಬರಬೇಕಾದರೆ ಸಾಮಾನೂ ಗಟ್ಟಿಯಾಗಿರಬೇಕು ಅಂತ ಕೈ ತಾನಾಗಿಯೇ ತೀರ್ಮಾನ ಮಾಡಿಬಿಡುತ್ತದೆ. ವಾದ್ಯದ ಒಳಗೆ ಈ ಎರಡು ಗಟ್ಟಿಗಳು ಅಣ್ಣತಮ್ಮಂದಿರಲ್ಲ, ದಾಯಾದಿಗಳು.

ಪೈಪಿನ ವಿಚಾರ ನೋಡಿ. ಮರದ್ದೋ ಕಬ್ಬಿಣದ್ದೋ, ಒಂದು ಪಟ್ಟಿಯ ನಡುವೆ ಹೊಡೆದರೆ ಅದು ಬಿಲ್ಲಿನ ಹಾಗೆ ಬಾಗುತ್ತದೆ. ಕಣ್ಣಿಗೆ ಕಾಣದಷ್ಟು ಬಾಗು, ಆದರೆ ಬಾಗು. ನಡು ಕೆಳಗೆ ಹೋದಾಗ ಎರಡೂ ತುದಿ ಮೇಲೇಳುತ್ತವೆ. ನಡು ಮೇಲೆ ಬಂದಾಗ ತುದಿಗಳು ಕೆಳಗಿಳಿಯುತ್ತವೆ. ಸೆಕೆಂಡಿಗೆ ನೂರಾರು ಸಲ ಇದೇ ಆಟ. ನಡು ಒಂದು ಕಡೆ, ತುದಿ ಇನ್ನೊಂದು ಕಡೆ ಓಡುತ್ತಿದ್ದರೆ, ಎರಡರ ಮಧ್ಯೆ ಮೇಲೂ ಹೋಗದ ಕೆಳಗೂ ಬಾರದ ಒಂದು ಜಾಗ ಇರಲೇಬೇಕು, ಅಲ್ವಾ? ಪಟ್ಟಿಯಲ್ಲಿ ಅಂಥ ಜಾಗಗಳು ಎರಡೇ. ಎರಡೂ ತುದಿಯಿಂದ ಒಳಕ್ಕೆ, ಒಟ್ಟು ಉದ್ದದ ಶೇಕಡಾ 22.4ರಷ್ಟು ದೂರದಲ್ಲಿ. ಇದನ್ನು ನೆನಪಿಡುವುದು ಕಷ್ಟ. ಉದ್ದವನ್ನು 9 ಪಾಲು ಮಾಡಿ, ತುದಿಯಿಂದ 2 ಪಾಲು ಒಳಗೆ ಗುರುತು ಹಾಕಿ. 45 ಸೆಂ.ಮೀ. ಪೈಪಿಗೆ 10 ಸೆಂ.ಮೀ. ಒಳಗೆ. ಕೂದಲೆಳೆಯ ವ್ಯತ್ಯಾಸ ಬರುತ್ತದೆ, ಪರವಾಗಿಲ್ಲ.

ಆ ಎರಡು ಗೆರೆಗಳ ಮೇಲೆ ಪಟ್ಟಿಯನ್ನು ಕೂರಿಸಿ. ಕೂರಿಸಿ ಅಂದೆ, ಬಿಗಿಯಿರಿ ಅನ್ನಲಿಲ್ಲ.

ತುದಿಯಲ್ಲಿ ಬಿಗಿದರೆ ಏನಾಗುತ್ತದೆ? ಪಟ್ಟಿಯಲ್ಲಿ ಎಲ್ಲಕ್ಕಿಂತ ಜಾಸ್ತಿ ಓಲಾಡುವ ಜಾಗವೇ ತುದಿ. ನಡುವಿಗಿಂತಲೂ ಜಾಸ್ತಿ. ನೀವು ಹುಡುಕಿ ಹುಡುಕಿ ಅದನ್ನೇ ಕಟ್ಟಿಹಾಕಿದ್ದೀರಿ. ಜೋಕಾಲಿಯ ಮಣೆಯನ್ನು ನೆಲಕ್ಕೆ ಮೊಳೆ ಹೊಡೆದು ‘ತೂಗಲ್ಲ’ ಅಂದಂತೆ.

ನನ್ನ ಮಾತನ್ನು ನಂಬಬೇಕಾಗಿಲ್ಲ. ಪೈಪನ್ನು ಆ ಗುರುತಿನ ಹತ್ತಿರ ಎರಡು ಬೆರಳಲ್ಲಿ ಹಗುರವಾಗಿ ಹಿಡಿದು ನೇತಾಡಲು ಬಿಡಿ, ಹೊಡೆಯಿರಿ. ಈಗ ಬೆರಳನ್ನು ತುದಿಗೆ ಸರಿಸಿ ಮತ್ತೆ ಹೊಡೆಯಿರಿ. ಅಷ್ಟೇ. ಚಪ್ಪಟೆ ಪಟ್ಟಿಯಾದರೆ ಇನ್ನೂ ಚೆಂದದ ಪರೀಕ್ಷೆ ಇದೆ. ಸ್ಪಂಜಿನ ಎರಡು ತುಂಡಿನ ಮೇಲೆ ಪಟ್ಟಿ ಇಟ್ಟು, ಪುಡಿ ಉಪ್ಪು ಉದುರಿಸಿ, ನಡುವೆ ಮೆಲ್ಲಗೆ ಬಡಿಯುತ್ತಾ ಇರಿ. ಉಪ್ಪು ಕುಣಿದು ಕುಣಿದು ಎರಡು ಗೆರೆಯಾಗಿ ಕೂರುತ್ತದೆ. ಕ್ಲಾಡ್ನಿ ಎನ್ನುವ ಜರ್ಮನ್ ವಿಜ್ಞಾನಿ ಲೋಹದ ತಟ್ಟೆಗಳ ಮೇಲೆ ಮರಳು ಉದುರಿಸಿ, ಅಂಚಿಗೆ ಪಿಟೀಲಿನ ಕಮಾನು ಉಜ್ಜಿ ಇದೇ ಆಟ ಆಡಿದ. ಮರಳು ಬಿಡಿಸಿದ ರಂಗೋಲಿಗಳನ್ನೆಲ್ಲ 1787ರಲ್ಲಿ ಪುಸ್ತಕವಾಗಿ ಅಚ್ಚು ಹಾಕಿಸಿದ. ನಾನು ನಡೆಸುವ ಮಕ್ಕಳ ಶಿಬಿರಗಳಲ್ಲಿ ಉಪ್ಪು ಗೆರೆ ಕಟ್ಟುವ ಹೊತ್ತಿಗೆ ಗಲಾಟೆ ನಿಲ್ಲುತ್ತದೆ. ದೊಡ್ಡವರ ಶಿಬಿರದಲ್ಲಿ ಗಲಾಟೆ ಶುರುವಾಗುತ್ತದೆ, ‘ಹಾಗಾದರೆ ಪಟ್ಟಿ ಜಾರಿ ಬಿದ್ದರೆ?’ ಅಂತ.

ಒಮ್ಮೆ ಒಬ್ಬ ಬಡಗಿ ಬಂದಿದ್ದರು. ವಯಸ್ಸಾದವರು. ಕುರ್ಚಿ, ಮಂಚ ಮಾಡಿಯೇ ಬದುಕಿದವರು. ಅವರು ಕೂಡಿಸಿದ ಕೀಲಿನಲ್ಲಿ ಕಾಗದ ತೂರಿಸಲು ಆಗುತ್ತಿರಲಿಲ್ಲ. ಮುರಿದ ಮಂಚದ ಪಟ್ಟಿಗಳಿಂದ ಮೊಮ್ಮಗಳಿಗೆ ಮರದ ತರಂಗ ಮಾಡಿಕೊಡಬೇಕು ಅಂತ ಆಸೆ. ಪಟ್ಟಿಯನ್ನು ಸಡಿಲ ಬಿಡಿ ಅಂದರೆ ಅವರಿಗೆ ಮೈ ಉರಿಯುತ್ತಿತ್ತು. ‘ಅಲುಗಾಡುವ ಕೆಲಸ ಮಾಡಿ ಕೊಡು ಅಂದರೆ ಹೇಗೆ? ನನ್ನ ಕೈ ಒಪ್ಪಲ್ಲ’ ಅಂದರು. ನಾನು ಎರಡು ದಿನ ವಾದ ಮಾಡಿದೆ. ಮೂರನೆಯ ದಿನ ಅವರೇ ಉಪಾಯ ಹುಡುಕಿ ತಂದರು. ಗೆರೆಯ ಮೇಲೆ ಮೊಳೆಯ ದಪ್ಪದ ಎರಡರಷ್ಟು ದೊಡ್ಡ ತೂತು. ತೂತಿನೊಳಗೆ ಮೊಳೆ. ಮೊಳೆಗೆ ರಬ್ಬರ್ ಟ್ಯೂಬಿನ ಸಣ್ಣ ತುಂಡಿನ ಅಂಗಿ. ಪಟ್ಟಿಯ ಕೆಳಗೆ ದಪ್ಪ ಹಗ್ಗ. ಬೀಳುವುದಿಲ್ಲ, ಬಿಗಿಯೂ ಇಲ್ಲ. ಅವತ್ತಿನಿಂದ ನಾನು ಅದನ್ನೇ ಕಲಿಸುತ್ತೇನೆ, ಅವರದ್ದು ಅಂತ ಹೇಳಿಯೇ ಕಲಿಸುತ್ತೇನೆ.

ಹಗ್ಗಗಳನ್ನು ಸಮಾನಾಂತರವಾಗಿ ಹಾಸಬೇಡಿ. ಪಟ್ಟಿಗಳು ಗಿಡ್ಡವಾಗುತ್ತಾ ಹೋದ ಹಾಗೆ ಗೆರೆಗಳೂ ಹತ್ತಿರವಾಗುತ್ತವೆ, ಹಗ್ಗಗಳೂ ಹತ್ತಿರವಾಗಬೇಕು. ಇನ್ನೊಂದು ಮಾತು: 9ರಲ್ಲಿ 2ರ ಲೆಕ್ಕ ಉದ್ದಕ್ಕೂ ಒಂದೇ ದಪ್ಪ ಇರುವ ಪಟ್ಟಿಗೆ, ಪೈಪಿಗೆ. ಕೆಳಗಿನಿಂದ ಕೆತ್ತಿ ಗುಳಿ ಮಾಡಿದ ಪಟ್ಟಿಗೆ ಗೆರೆ ಸ್ವಲ್ಪ ಸರಿಯುತ್ತದೆ. ಆಗ ಉಪ್ಪನ್ನೇ ಕೇಳಿ.

ಶ್ರುತಿಯ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಮೇಲಿನ ಷಡ್ಜ, ಅಂದರೆ ಒಂದು ಸ್ಥಾಯಿ ಮೇಲಿನ ‘ಸ’, ಬೇಕು ಅಂತ ಪೈಪನ್ನು ಸರಿಯಾಗಿ ಅರ್ಧ ಕೊಯ್ಯುತ್ತಾರೆ. ಅದು ತಂತಿಯ ಲೆಕ್ಕ. ಪಟ್ಟಿಯನ್ನು ಅರ್ಧ ಮಾಡಿದರೆ ಕಂಪನ 4 ಪಟ್ಟಾಗುತ್ತದೆ, ಸ್ವರ ಒಂದಲ್ಲ, ಎರಡು ಸ್ಥಾಯಿ ಮೇಲೆ ಹೋಗುತ್ತದೆ. ಒಂದೇ ಸ್ಥಾಯಿ ಏರಬೇಕಾದರೆ ಉದ್ದವನ್ನು 1.414ರಿಂದ ಭಾಗಿಸಿ. 30 ಸೆಂ.ಮೀ. ಪಟ್ಟಿಯ ಮೇಲಿನ ಷಡ್ಜ 21.2 ಸೆಂ.ಮೀ.ಗೆ ಸಿಗುತ್ತದೆ, 15ಕ್ಕಲ್ಲ. ಲೆಕ್ಕಕ್ಕಿಂತ ಸ್ವಲ್ಪ ಉದ್ದವಾಗಿಯೇ ಕೊಯ್ಯಿರಿ. ತುದಿ ಉಜ್ಜಿದರೆ ಸ್ವರ ಏರುತ್ತದೆ. ಜಾಸ್ತಿ ಏರಿತು ಅಂದರೆ, ಚಪ್ಪಟೆ ಪಟ್ಟಿಯ ನಡುವೆ ಕೆಳಗಡೆ ಸ್ವಲ್ಪ ಕೆತ್ತಿ, ಇಳಿಯುತ್ತದೆ. ಫೋನಿನ ಟ್ಯೂನರ್ ಒಂದೊಂದು ಸಲ ಒಂದೊಂದು ಸ್ವರ ತೋರಿಸಿದರೆ ಫೋನನ್ನು ಬೈಯಬೇಡಿ. ಹೊಡೆದಾಗ ಪಟ್ಟಿಯಿಂದ ಒಟ್ಟಿಗೇ ಹಲವು ಸ್ವರ ಹೊರಡುತ್ತವೆ, ಎರಡನೆಯದರ ಕಂಪನ ಮೊದಲನೆಯದರ ಸುಮಾರು 2.76 ಪಟ್ಟು ಇರುತ್ತದೆ. ತಂತಿಯಲ್ಲಿ ಇರುವಂತೆ 2, 3 ಅಂತ ಪೂರ್ತಿ ಪಟ್ಟು ಅಲ್ಲ. ಪಾಪ ಟ್ಯೂನರಿಗೆ ಯಾವುದನ್ನು ಹಿಡಿಯಬೇಕೋ ಗೊತ್ತಾಗುವುದಿಲ್ಲ. ಸ್ಟೀಲ್ ಚಮಚ ಪಕ್ಕಕ್ಕಿಟ್ಟು, ಕೋಲಿನ ತುದಿಗೆ ರಬ್ಬರ್ ಚೆಂಡು ಸಿಕ್ಕಿಸಿ, ಪಟ್ಟಿಯ ನಟ್ಟನಡುವೆ ಹೊಡೆಯಿರಿ. ಎರಡನೆಯ ಸ್ವರಕ್ಕೆ ನಟ್ಟನಡುವು ಅಲುಗದ ಜಾಗ, ಹಾಗಾಗಿ ಅದು ಬಾಯಿ ಮುಚ್ಚಿಕೊಳ್ಳುತ್ತದೆ. ಬಣ್ಣವನ್ನು ಶ್ರುತಿ ಮಾಡುವ ಮೊದಲೇ ಬಳಿಯಿರಿ, ಇಲ್ಲವೇ ಬಳಿಯಲೇಬೇಡಿ. ಮೂರು ಕೋಟು ಪೇಂಟ್ ಹೊತ್ತ ಮರದ ಪಟ್ಟಿ ನೆಗಡಿಯಾದವರ ಹಾಗೆ ಹಾಡುತ್ತದೆ.

ಈಗ ತಂತಿ. ಇಲ್ಲಿ ಅದೇ ತಪ್ಪು ತಲೆಕೆಳಗಾಗಿ ನಿಲ್ಲುತ್ತದೆ.

ತಂತಿ ತಾನಾಗಿ ಸದ್ದು ಮಾಡುವುದಿಲ್ಲ ಅಂದರೆ ಜನ ನಂಬಲ್ಲ. ಮಾಡುತ್ತದೆ, ಆದರೆ ಸೊಳ್ಳೆಯಷ್ಟು. ಅಷ್ಟು ಸಣ್ಣ ಎಳೆ ಗಾಳಿಯನ್ನು ಎಷ್ಟು ತಳ್ಳೀತು? ತಂತಿ ತನ್ನನ್ನು ಹೊತ್ತು ನಿಂತ ಸಣ್ಣ ತುಂಡನ್ನು, ಅಂದರೆ ಕುದುರೆಯನ್ನು, ಅಲುಗಿಸಬೇಕು. ಕುದುರೆ ತನ್ನ ಕೆಳಗಿನ ಹಲಗೆಯನ್ನು ಅಲುಗಿಸಬೇಕು. ಆ ಅಗಲವಾದ ಹಲಗೆ ಗಾಳಿಯನ್ನು ತಳ್ಳಬೇಕು. ನಾವು ಕೇಳುವುದು ಹಲಗೆಯನ್ನು. ಅದು ತೆಳ್ಳಗಿರಬೇಕು, ಹಗುರ ಇರಬೇಕು. ನನ್ನ ಕೈಗೆ ಬರುವ ಡಬ್ಬಿ ವಾದ್ಯಗಳಲ್ಲಿ, ಅಂದರೆ ಪೆಟ್ಟಿಗೆಗೆ ಕೋಲು ಸಿಕ್ಕಿಸಿ ತಂತಿ ಕಟ್ಟಿದವುಗಳಲ್ಲಿ, ಮೇಲಿನ ಹಲಗೆ ಎರಡು ಬೆರಳು ದಪ್ಪ ಇರುತ್ತದೆ. ‘ಒಳ್ಳೆ ಗಟ್ಟಿ ಮರ’ ಅನ್ನುತ್ತಾರೆ ಹೆಮ್ಮೆಯಿಂದ. ಹೌದು, ಅದರ ಮೇಲೆ ಹತ್ತಿ ನಿಲ್ಲಬಹುದು. ಸಣ್ಣ ಪೆಟ್ಟಿಗೆಗೆ 3 ಮಿ.ಮೀ. ಪ್ಲೈವುಡ್ ಸಾಕು. ಹಳೆ ಬಿಸ್ಕತ್ ಡಬ್ಬದ ತಗಡಿನ ಮುಚ್ಚಳವೂ ಆಗುತ್ತದೆ.

ದಪ್ಪ ಸರಿ ಇದ್ದರೂ ಕುದುರೆಯನ್ನು ತಪ್ಪು ಜಾಗದಲ್ಲಿ ಇಡುತ್ತಾರೆ. ಪೆಟ್ಟಿಗೆಯ ಅಂಚಿನಲ್ಲಿ, ಪಕ್ಕದ ಗೋಡೆಯ ನೆತ್ತಿಯ ಮೇಲೆ. ‘ಅಲ್ಲಿ ಭಾರ ತಡೆಯುತ್ತೆ’ ಅಂತ. ತಡೆಯುತ್ತದೆ, ಸದ್ದನ್ನೂ ತಡೆಯುತ್ತದೆ. ಅಂಚು ಅಂದರೆ ಹಲಗೆಯ ಅಲುಗದ ಜಾಗ. ಪಟ್ಟಿಯನ್ನು ಅಲುಗದ ಜಾಗದಲ್ಲಿ ಹಿಡಿಯಿರಿ ಅಂತ ಇಷ್ಟು ಹೊತ್ತು ಹೇಳಿದ್ದು, ಅದು ಹಿಡಿಯುವುದಕ್ಕೆ. ಕುದುರೆ ಇರುವುದು ಅಲುಗಿಸುವುದಕ್ಕೆ. ಅದು ಅಂಚಿನಿಂದ ದೂರ, ಹಲಗೆ ಬಗ್ಗುವ ಕಡೆ ನಿಲ್ಲಬೇಕು. ನಟ್ಟನಡುವೇ ಆಗಬೇಕು ಅಂತಿಲ್ಲ. ಅಂಟು ಹಾಕದೆ ಅತ್ತ ಇತ್ತ ಸರಿಸಿ, ಕಿವಿಗೆ ಹಿಡಿಸಿದ ಕಡೆ ಗುರುತು ಮಾಡಿಕೊಳ್ಳಿ.

ಪೆಟ್ಟಿಗೆಯ ಉಳಿದ ಭಾಗಕ್ಕೆ ಬೆಲೆಬಾಳುವ ಮರ ಬೇಕೇ? 1862ರಲ್ಲಿ ಆಂಟೋನಿಯೊ ಡಿ ಟೊರೆಸ್ ಎಂಬ ಸ್ಪೇನಿನ ಗಿಟಾರ್ ಕುಶಲಕರ್ಮಿ ಇದನ್ನೇ ಕೇಳಿಕೊಂಡು ಒಂದು ಗಿಟಾರ್ ಮಾಡಿದ. ಮೇಲಿನ ಹಲಗೆ ಒಳ್ಳೆಯ ಸ್ಪ್ರೂಸ್ ಮರದ್ದು. ಹಿಂಬದಿ, ಪಕ್ಕಗಳು ಬರೀ ರಟ್ಟು! ಹಾಡುವುದು ಮುಖ್ಯವಾಗಿ ಮೇಲಿನ ಹಲಗೆ ಎಂದು ತೋರಿಸುವುದೇ ಅವನ ಉದ್ದೇಶ. ಆ ಗಿಟಾರ್ ಈಗ ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ. ಪರಾಗ್ವೆಯ ಕಟೆವುರಾ ಎಂಬ ಕಸದ ರಾಶಿಯ ಪಕ್ಕದ ಮಕ್ಕಳ ವಾದ್ಯವೃಂದವನ್ನೂ ನೀವು ವಿಡಿಯೊಗಳಲ್ಲಿ ನೋಡಿರುತ್ತೀರಿ. ಎಣ್ಣೆ ಡಬ್ಬ ಮತ್ತು ಬಿಸಾಡಿದ ಮರ ಸೇರಿಸಿ ಮಾಡಿದ ಚೆಲ್ಲೊ (ದೊಡ್ಡ ಪಿಟೀಲಿನಂಥ ವಾದ್ಯ) ಅವರದು. ಅದನ್ನು ನೋಡಿ ಜನ ‘ಡಬ್ಬ ಸಿಕ್ಕರೆ ಸಾಕು’ ಅಂದುಕೊಳ್ಳುತ್ತಾರೆ. ಎಲ್ಲಿ ತಗಡು, ಎಲ್ಲಿ ಮರ ಅನ್ನುವುದನ್ನು ನೋಡಬೇಕು.

ಯಾಕೆಂದರೆ ನಿಜವಾಗಿ ಗಟ್ಟಿ ಇರಬೇಕಾದ ಭಾಗ ಒಂದಿದೆ: ಕತ್ತು, ಪೆಟ್ಟಿಗೆಯಿಂದ ಹೊರಚಾಚಿ ತಂತಿಗಳನ್ನು ಹಿಡಿದಿರುವ ಕೋಲು. ಉಕ್ಕಿನ ಆರು ತಂತಿಯ ಗಿಟಾರಿನಲ್ಲಿ ಎಲ್ಲ ತಂತಿಗಳ ಎಳೆತ ಸೇರಿದರೆ ಸುಮಾರು 70 ಕಿಲೊ ನೇತುಹಾಕಿದಷ್ಟು. ಒಬ್ಬ ದೊಡ್ಡ ಮನುಷ್ಯ ಜೋತುಬಿದ್ದ ಹಾಗೆ. ಆ ಕತ್ತಿಗೆ ಹಳೆ ಪೊರಕೆಯ ಕೋಲು ಹಾಕಿ, ಪೆಟ್ಟಿಗೆಗೆ ಗಟ್ಟಿ ಮರ ಹಾಕಿಕೊಂಡು ಬರುತ್ತಾರೆ. ನಾನು ಕೋಪ ಮಾಡಿಕೊಳ್ಳುವುದಿಲ್ಲ. ಸ್ವಲ್ಪ ಮಾಡಿಕೊಳ್ಳುತ್ತೇನೆ. ಡಬ್ಬಿ ವಾದ್ಯಕ್ಕೆ ಒಂದೋ ಎರಡೋ ತಂತಿಯಿಂದ ಶುರು ಮಾಡಿ. ಕತ್ತಿನ ಕೋಲು ಪೆಟ್ಟಿಗೆಯ ಒಳಗೆ ಈ ಕಡೆಯಿಂದ ಆ ಕಡೆಗೆ ಹಾದುಹೋಗಲಿ, ಎಳೆತವೆಲ್ಲ ಅದರ ಮೇಲೇ ಬೀಳಲಿ. ಆದರೆ ಕೋಲು ಮೇಲಿನ ಹಲಗೆಗೆ ತಗುಲಬಾರದು. ಕುದುರೆಯ ನೇರಕ್ಕೆ ಹಲಗೆಗೂ ಕೋಲಿಗೂ ನಡುವೆ ಬೆರಳು ತೂರುವಷ್ಟು ಜಾಗ ಉಳಿಯುವಂತೆ ಕೋಲನ್ನು ಕೊರೆಯಿರಿ. ತಂತಿ ಬಿಗಿಯುವಾಗ ಕನ್ನಡಕ ಹಾಕಿ, ಮುಖವನ್ನು ಅದರ ನೇರಕ್ಕೆ ಒಯ್ಯಬೇಡಿ.

ಗುಜರಿ ಸಾಮಾನು ಅಂದಮೇಲೆ ಇನ್ನೂ ಸ್ವಲ್ಪ ಎಚ್ಚರಿಕೆ ಹೇಳಲೇಬೇಕು. ಒಳಗೆ ಏನಿತ್ತು ಅಂತ ಗೊತ್ತಿಲ್ಲದ ಡ್ರಮ್ಮನ್ನು ಮುಟ್ಟಬೇಡಿ. ಇಂಧನ ಇದ್ದ ಡ್ರಮ್ ಖಾಲಿ ಕಂಡರೂ ಆವಿ ಉಳಿದಿರುತ್ತದೆ, ಕೊಯ್ಯುವ ಕಿಡಿಗೆ ಸಿಡಿಯಬಹುದು. ಟ್ರಿನಿಡಾಡಿನ ಸ್ಟೀಲ್ ಪ್ಯಾನ್ ಎನ್ನುವ ಬಾರಿಸುವ ವಾದ್ಯ ಎಣ್ಣೆ ಡ್ರಮ್ಮಿನಿಂದಲೇ ಹುಟ್ಟಿದ್ದು, ನಿಜ. ಅದನ್ನು ಮಾಡುವವರು ಕಸುಬು ಕಲಿತವರು. ಅವರು ಸುತ್ತಿಗೆಯಿಂದ ಬಡಿದು ಬಡಿದು ತಳವನ್ನು ಹಿಗ್ಗಿಸಿ ತೆಳ್ಳಗೆ ಮಾಡುತ್ತಾರೆ ಅನ್ನುವುದನ್ನೂ ಗಮನಿಸಿ. ಸತುವಿನ ಲೇಪದ ಪೈಪನ್ನು ಕೊಯ್ಯಬಹುದು, ಬೆಂಕಿಗೆ ಹಿಡಿಯಬಾರದು, ಆ ಹೊಗೆ ಜ್ವರ ತರುತ್ತದೆ. ಪಿವಿಸಿಯನ್ನೂ ಸುಡಬೇಡಿ. ತುಂಬ ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಒಣಗಿದಂತೆಯೇ ಉಜ್ಜಿ ಪುಡಿ ಎಬ್ಬಿಸಬೇಡಿ. ಅನುಮಾನ ಬಂದ ಸಾಮಾನನ್ನು ನಾನಂತೂ ವಾಪಸ್ ಗುಜರಿಗೇ ಕಳಿಸುತ್ತೇನೆ.

ಗಾಳಿ ವಾದ್ಯಗಳ ಬಗ್ಗೆ ಇಲ್ಲಿ ಬರೆಯುವುದಿಲ್ಲ, ಅದೇ ಒಂದು ದೊಡ್ಡ ಕತೆ. ಒಂದು ಜಗಳ ಮಾತ್ರ ಹೇಳುತ್ತೇನೆ. ಶಿಬಿರದಲ್ಲಿ ಇಬ್ಬರು ಹುಡುಗರು, ಒಂದೇ ಥರದ ಎರಡು ಗಾಜಿನ ಬಾಟಲಿ. ‘ನೀರು ಹಾಕಿದರೆ ಸ್ವರ ಏರುತ್ತೆ’ ಅಂತ ಒಬ್ಬ. ‘ಇಳಿಯುತ್ತೆ’ ಅಂತ ಇನ್ನೊಬ್ಬ. ಕೈ ಕೈ ಮಿಲಾಯಿಸುವ ಹಂತ. ಮಾಡಿ ತೋರಿಸಿ ಅಂದೆ. ಒಬ್ಬ ಬಾಟಲಿಯ ಬಾಯಿಗೆ ಊದಿದ. ನೀರು ಜಾಸ್ತಿಯಾದಂತೆ ಸ್ವರ ಏರಿತು. ಇನ್ನೊಬ್ಬ ಪೆನ್ಸಿಲಿನಿಂದ ಬಾಟಲಿಗೆ ತಟ್ಟಿದ. ನೀರು ಜಾಸ್ತಿಯಾದಂತೆ ಸ್ವರ ಇಳಿಯಿತು. ಊದಿದಾಗ ಅಲುಗುವುದು ಒಳಗಿನ ಗಾಳಿ, ನೀರು ಬಂದರೆ ಗಾಳಿಯ ಜಾಗ ಕಡಿಮೆ. ತಟ್ಟಿದಾಗ ಅಲುಗುವುದು ಗಾಜು, ನೀರು ಅದರ ಬೆನ್ನಿಗೆ ಹೊರೆ. ಇಬ್ಬರೂ ಗೆದ್ದಿರಿ ಅಂದೆ. ಇಬ್ಬರಿಗೂ ಬೇಜಾರಾಯಿತು.